ಇವರೆಲ್ಲ ಮಲಗುವುದು ಎಲ್ಲಿ?

ಡಿಸೆಂಬರ್ ತಿಂಗಳು ಸಮೀಪಿಸುತ್ತಿದ್ದಂತೆ ನಮ್ಮ ಕೂಟದ ಮನೆಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ‘ಈ ಸಲ ರಜೆಗೆ ಎಲ್ಲಿಗೆ?’ ಊರಿಗೆ ಹೋಗಿ ಬರುವಷ್ಟು ರಜೆ ಇರುವುದಿಲ್ಲ. ಮನೆಯಲ್ಲಿಯೇ ಕುಳಿತರೆ ಮಕ್ಕಳು ಬಿಡುವುದಿಲ್ಲ. ಟೆಕ್ಸಸ್‌ನಲ್ಲಿ ನೆಲೆಸಿರುವ ನಮ್ಮಂಥವರಿಗೆ ಎರಡು–ಎರಡೂವರೆ ಗಂಟೆಯ ವಿಮಾನಯಾನದ ದೂರದಲ್ಲಿರುವ ಮೆಕ್ಸಿಕೋದ ಕ್ಯಾನ್‌ಕೂನ್ ಆಗ ಸಹಜವಾಗಿಯೇ ನೆನಪಾಗುತ್ತದೆ. ಕೂಟದ ಹಲವು ಕುಟುಂಬಗಳು ಈಗಾಗಲೇ ಅಲ್ಲಿಗೆ ಹೋಗಿ ಬಂದಿವೆ. ದೀಪಾವಳಿ ಕಾರ್ಯಕ್ರಮದ ಊಟದ ಸಾಲಿನಲ್ಲಿ ನಿಂತು ಅಲ್ಲಿನ ನೀಲಿ ಸಮುದ್ರದ ವರ್ಣನೆಯನ್ನು ನಾವೂ ಎಷ್ಟೋ ಸಲ ಕೇಳಿದ್ದೆವು. ಕಳೆದ ಚಳಿಗಾಲದಲ್ಲಿ ಕೊನೆಗೂ ನಾವು ಹೊರಟೆವು: ನಾವಿಬ್ಬರು, ಹೈಸ್ಕೂಲಿನಲ್ಲಿ ಓದುತ್ತಿರುವ ಮಗಳು, ಅವಳಿಗಿಂತ ಐದು ವರ್ಷ ಚಿಕ್ಕವನಾದ ಮಗ ಮತ್ತು ಕೆಲವು ತಿಂಗಳ ಮಟ್ಟಿಗೆ ಊರಿನಿಂದ ಬಂದಿದ್ದ ಆಯಿ. ಉತ್ತರ ಕನ್ನಡದವರಾದ ನಮ್ಮ ಮನೆಯಲ್ಲಿ ತಾಯಿಯನ್ನು ಕರೆಯುವುದು ಹಾಗೆಯೇ. ಮೊಮ್ಮಕ್ಕಳಿಗೂ ಅವರು ಆಯಿಯೇ.

ಹೊರಡುವ ಹಿಂದಿನ ವಾರ ಊರಿನಿಂದ ಒಂದು ಕರೆ ಬಂದಿತ್ತು. ಗೋಕರ್ಣದ ಬಳಿ ನಮ್ಮ ಕುಟುಂಬಕ್ಕೆ ಎರಡು ಎಕರೆಯಷ್ಟು ತೆಂಗಿನ ತೋಟವಿದೆ. ಅಲ್ಲಿಂದ ಸಮುದ್ರಕ್ಕೆ ಹತ್ತು ನಿಮಿಷದ ಕಾಲುದಾರಿ. ಪಹಣಿಯಲ್ಲಿ ಆಯಿ ಮತ್ತು ಚಿಕ್ಕಪ್ಪ ಇಬ್ಬರ ಹೆಸರೂ ಇದೆ. ಬೆಂಗಳೂರಿನ ಯಾರೋ ಆ ಜಾಗದಲ್ಲಿ ರೆಸಾರ್ಟ್ ಕಟ್ಟಲು ಬಯಸಿದ್ದಾರೆಂದೂ, ದಲ್ಲಾಳಿ ಹೇಳುತ್ತಿರುವ ಬೆಲೆ ನಾವು ಎಂದೂ ಊಹಿಸಿರದಷ್ಟು ದೊಡ್ಡದೆಂದೂ ಚಿಕ್ಕಪ್ಪ ತಿಳಿಸಿದರು. ‘ಅತ್ತಿಗೆ, ನಿಮ್ಮದೊಂದು ಸಹಿ ಆದರೆ ಸಾಕು’ ಎಂದರು. ಆಯಿ ‘ನೋಡೋಣ’ ಎಂದು ಹೇಳಿ ಫೋನನ್ನು ನಮ್ಮ ಕೈಗಿತ್ತರು. ನಾವಾದರೋ ಆ ಹಣದಿಂದ ಏನೇನು ಮಾಡಬಹುದೆಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕತೊಡಗಿದ್ದೆವು. ಮಗಳ ಕಾಲೇಜು ಇನ್ನೆರಡೇ ವರ್ಷ ದೂರವಿತ್ತು. ಆ ಲೆಕ್ಕಾಚಾರದೊಂದಿಗೆ ನಾವು ವಿಮಾನ ಹತ್ತಿದೆವು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಕ್ಯಾನ್‌ಕೂನಿನ ಹೋಟೆಲುಗಳಿರುವುದು ಊರಿನಲ್ಲಲ್ಲ. ಕೆರಿಬಿಯನ್ ಸಮುದ್ರಕ್ಕೂ ನಿಚುಪ್ತೆ ಎಂಬ ಹಿನ್ನೀರಿಗೂ ನಡುವೆ ಏಳರ ಅಂಕಿಯ ಆಕಾರದಲ್ಲಿ ಚಾಚಿಕೊಂಡಿರುವ, ಇಪ್ಪತ್ತು ಕಿಲೋಮೀಟರಿಗೂ ಉದ್ದವಾದ ಕಿರಿದಾದ ಮರಳಿನ ಪಟ್ಟಿಯ ಮೇಲೆ ಅವು ಸಾಲಾಗಿ ನಿಂತಿವೆ. ಅದರ ಹೆಸರೇ ‘ಹೋಟೆಲ್ ವಲಯ’. ಅದರುದ್ದಕ್ಕೂ ಕುಕುಲ್ಕಾನ್ ಎಂಬ ಒಂದೇ ಹೆದ್ದಾರಿ. ನಾವು ಇಳಿದುಕೊಂಡದ್ದು ಊಟ, ತಿಂಡಿ, ಪಾನೀಯ ಎಲ್ಲವನ್ನೂ ಒಂದೇ ಬಾಡಿಗೆಯಲ್ಲಿ ಸೇರಿಸಿರುವ ಹೋಟೆಲಿನಲ್ಲಿ. ಒಳಗೆ ಕಾಲಿಟ್ಟ ಕೂಡಲೇ ಕೈಗೊಂದು ಬಣ್ಣದ ಪಟ್ಟಿ ಕಟ್ಟಿದರು. ಆ ಪಟ್ಟಿಯಿದ್ದವರು ಐದು ದಿನ ಗೇಟಿನಿಂದ ಹೊರಗೆ ಹೆಜ್ಜೆ ಇಡಬೇಕಾದ ಅಗತ್ಯವೇ ಇರಲಿಲ್ಲ. ಮೊದಲ ಎರಡು ದಿನ ನಾವು ಇಡಲೂ ಇಲ್ಲ.

ಆಯಿ ನಸುಕಿನಲ್ಲೇ ಏಳುವವರು. ಎರಡನೆಯ ದಿನ ಬೆಳಗ್ಗೆ ನಾವು ಎದ್ದಾಗ ಅವರು ಬಾಲ್ಕನಿಯಲ್ಲಿ ಶಾಲು ಹೊದ್ದು ಕುಳಿತಿದ್ದರು. ನಮ್ಮ ಕೋಣೆ ಸಮುದ್ರದ ಕಡೆಗಿರಲಿಲ್ಲ, ರಸ್ತೆಯ ಕಡೆಗಿತ್ತು. ಬೆಲೆ ಕಡಿಮೆಯೆಂದು ನಾವೇ ಆರಿಸಿಕೊಂಡದ್ದು. ಕತ್ತಲೆ ಹರಿಯುವ ಮೊದಲೇ ಬಸ್ಸುಗಳು ಒಂದರ ಹಿಂದೊಂದು ಬಂದು ನಿಲ್ಲುತ್ತಿದ್ದುದನ್ನೂ, ಅವುಗಳಿಂದ ಇಳಿದವರು ಚೀಲ ಹಿಡಿದು ಹಿಂಬದಿಯ ಸಣ್ಣ ಗೇಟಿನ ಮೂಲಕ ಒಳಹೊಗುತ್ತಿದ್ದುದನ್ನೂ ಅವರು ನೋಡಿದ್ದರು. ರಾತ್ರಿ ಊಟವಾದ ಮೇಲೆ ಅಷ್ಟೇ ಜನ ಅದೇ ಗೇಟಿನಿಂದ ಹೊರಗೆ ಹೋಗುವುದನ್ನೂ ಹಿಂದಿನ ದಿನ ಕಂಡಿದ್ದರು. ‘ಇಷ್ಟೊಂದು ಜನ ಇಲ್ಲಿ ಕೆಲಸ ಮಾಡ್ತ್ರಲ, ಇವರೆಲ್ಲ ಮಲಗೂದು ಎಲ್ಲಿ?’ ಎಂದು ಕೇಳಿದರು.

ನಮಗೆ ಉತ್ತರ ಗೊತ್ತಿರಲಿಲ್ಲ. ‘ಊರೊಳಗೆ ಎಲ್ಲೋ’ ಎಂದು ಹೇಳಿ ತಿಂಡಿಗೆ ಹೊರಟೆವು.

ಆ ಪ್ರಶ್ನೆಯನ್ನು ಬಿಡದೆ ಹಿಡಿದವಳು ಮಗಳು. ಶಾಲೆಯಲ್ಲಿ ಮೂರು ವರ್ಷದಿಂದ ಸ್ಪ್ಯಾನಿಷ್ ಕಲಿಯುತ್ತಿರುವ ಅವಳಿಗೆ ಮಾತನಾಡಲು ಒಂದು ನೆಪ ಬೇಕಾಗಿತ್ತು. ಕೋಣೆ ಶುಚಿ ಮಾಡಲು ಬಂದ ಹೆಂಗಸಿನೊಡನೆ ಮೆಲ್ಲನೆ ಮಾತಿಗಿಳಿದಳು. ಆಕೆ ನಲವತ್ತರ ಆಸುಪಾಸಿನವರು. ಬೆಳಗ್ಗೆ ನಾಲ್ಕಕ್ಕೆ ಏಳುತ್ತಾರೆ. ಎರಡು ಬಸ್ಸು ಬದಲಿಸಿ ಬರಲು ಒಂದೂವರೆ ಗಂಟೆ ಬೇಕು. ಹೆದ್ದಾರಿಯಲ್ಲಿ ವಾಹನಗಳು ಸಿಕ್ಕಿಕೊಂಡರೆ ಇನ್ನೂ ಹೆಚ್ಚು. ಊರು ಯುಕಟಾನಿನ ಒಂದು ಹಳ್ಳಿ, ಮನೆಮಾತು ಮಾಯಾ. ಮಕ್ಕಳು ಮನೆಯಲ್ಲಿ ಮಾಯಾ ಮಾತನಾಡುತ್ತಾರೆಯೇ ಎಂದು ಮಗಳು ಕೇಳಿದಳು. ಅರ್ಥವಾಗುತ್ತದೆ, ಆದರೆ ಉತ್ತರ ಸ್ಪ್ಯಾನಿಷಿನಲ್ಲಿ ಬರುತ್ತದೆ ಎಂದು ಆಕೆ ನಕ್ಕರಂತೆ. ಮಗಳು ಅದನ್ನು ನಮಗೆ ಇಂಗ್ಲಿಷಿನಲ್ಲಿ ವರದಿ ಮಾಡಿದಳು. ಆಯಿ ನಮ್ಮ ಮುಖ ನೋಡಿದರು. ನಾವು ಕಿಟಕಿಯ ಕಡೆ ನೋಡಿದೆವು.

ಸಮುದ್ರಕ್ಕೆ ಹೋಗುತ್ತೀರಾ ಎಂಬ ಪ್ರಶ್ನೆಗೆ ಆಕೆ ಕೊಟ್ಟ ಉತ್ತರ ನಮ್ಮ ಮನಸ್ಸಿನಲ್ಲಿ ನಿಂತುಬಿಟ್ಟಿತು. ವರ್ಷಕ್ಕೆ ಎರಡು ಬಾರಿ, ಮಕ್ಕಳನ್ನು ಕರೆದುಕೊಂಡು ಹೋಗುತ್ತಾರಂತೆ. ಭಾನುವಾರ ಹೆಚ್ಚಾಗಿ ಕೆಲಸವಿರುತ್ತದೆ, ಬಸ್ಸಿನ ಖರ್ಚೂ ಇದೆ. ದಿನವೂ ಸಮುದ್ರದ ಪಕ್ಕದಲ್ಲಿ ಹತ್ತಾರು ಹಾಸಿಗೆಗಳನ್ನು ಸರಿಪಡಿಸುವ ಕೈಗಳಿಗೆ ಸಮುದ್ರ ಸಿಗುವುದು ವರ್ಷಕ್ಕೆ ಎರಡು ದಿನ.

ಮೂರನೆಯ ದಿನ ಆಯಿಯ ರಕ್ತದೊತ್ತಡದ ಮಾತ್ರೆ ಮುಗಿಯುತ್ತ ಬಂದಿತ್ತು. ಎಣಿಸಿ ತರುವುದರಲ್ಲಿ ನಾವೇ ತಪ್ಪಿದ್ದೆವು. ಊರೊಳಗಿನ ಔಷಧದಂಗಡಿಗೆ ಹೋಗಿಬರೋಣವೆಂದು ಐವರೂ ಹೊರಟು, ರಸ್ತೆಗಿಳಿದು ಊರಿನ ಕಡೆ ಹೋಗುವ ಬಸ್ಸು ಹತ್ತಿದೆವು. ಎಲ್ಲಿ ಇಳಿಯಬೇಕೆಂಬುದು ತಿಳಿಯದೆ ಊರಿನ ಕೇಂದ್ರವನ್ನು ದಾಟಿಬಿಟ್ಟೆವು. ಬಸ್ಸು ನಮ್ಮನ್ನು ಎಷ್ಟೋ ದೂರ ಒಯ್ದಿತು. ಅಗಲವಾದ ಬೀದಿಗಳು ಕಿರಿದಾದವು, ನೆರಳು ಕಡಿಮೆಯಾಯಿತು, ಬೀದಿಗಳಿಗೆ ಹೆಸರಿನ ಬದಲು ಅಂಕಿಗಳು ಬಂದವು. ಕೊನೆಯ ನಿಲ್ದಾಣದಲ್ಲಿ ಚಾಲಕ ಹಿಂದಿರುಗಿ ನೋಡಿ ಕೈಸನ್ನೆ ಮಾಡಿದಾಗ ಬಸ್ಸಿನಲ್ಲಿ ಉಳಿದಿದ್ದವರು ನಾವು ಮಾತ್ರ.

ಸಿಮೆಂಟಿನ ಇಟ್ಟಿಗೆಯ ಪುಟ್ಟ ಮನೆಗಳು, ಒಂದಕ್ಕೊಂದು ಅಂಟಿಕೊಂಡು. ಮುಂದೆ ಹಣ ಕೂಡಿದಾಗ ಇನ್ನೊಂದು ಮಾಳಿಗೆ ಎತ್ತಬಹುದೆಂಬ ಆಸೆಯಿಂದ ತಾರಸಿಯಲ್ಲಿ ಬಿಟ್ಟ ಕಬ್ಬಿಣದ ಸರಳುಗಳು. ಪ್ರತಿ ಮನೆಯ ಮೇಲೂ ಕಪ್ಪು ನೀರಿನ ಟ್ಯಾಂಕು. ಅಡ್ಡರಸ್ತೆಗೆ ಡಾಂಬರು ಇರಲಿಲ್ಲ. ಒಂದು ಅಂಗಳದ ಹಗ್ಗದ ಮೇಲೆ ಮೂರು ಸಮವಸ್ತ್ರಗಳು ಒಣಗುತ್ತಿದ್ದವು: ಒಂದು ಅಡುಗೆಯವರದು, ಒಂದು ಮಾಣಿಯದು, ಒಂದು ಕಾವಲುಗಾರನದು. ಮೂರರ ಎದೆಯ ಮೇಲೂ ಬೇರೆ ಬೇರೆ ಹೋಟೆಲಿನ ಗುರುತು. ಮಗ ಅದನ್ನು ತೋರಿಸಿ, ‘ಆಯಿ, ಇವರು ಮಲಗೋದು ಇಲ್ಲಿ’ ಎಂದ.

ಮೂಲೆಯ ಅಂಗಡಿಯಾಕೆ ನಮ್ಮ ಕೈಯ ಬಣ್ಣದ ಪಟ್ಟಿಯನ್ನು ನೋಡಿದ ಕೂಡಲೇ ನಾವು ದಾರಿ ತಪ್ಪಿದವರೆಂದು ತಿಳಿದುಕೊಂಡರು. ಆಯಿಗೆ ಕುರ್ಚಿ ಹಾಕಿಕೊಟ್ಟು, ಮುಂದಿನ ಬಸ್ಸು ಬರುವವರೆಗೆ ಕುಳ್ಳಿರಿಸಿಕೊಂಡರು. ಕೊಟ್ಟ ನೀರಿಗೆ ಹಣ ತೆಗೆದುಕೊಳ್ಳಲಿಲ್ಲ. ಮರಳಿ ಬರುವಾಗ ಸರಿಯಾದ ನಿಲ್ದಾಣದಲ್ಲಿ ಇಳಿದು ಮಾತ್ರೆ ಕೊಂಡು, ಸಂಜೆ ಊರ ನಡುವಿನ ಪಲಾಪಾಸ್ ಉದ್ಯಾನದಲ್ಲಿ ಕುಳಿತೆವು. ಮಕ್ಕಳು ಸೈಕಲ್ ಹೊಡೆಯುತ್ತಿದ್ದರು, ಅಜ್ಜಿಯರು ಕಲ್ಲುಬೆಂಚಿನ ಮೇಲೆ ಹರಟುತ್ತಿದ್ದರು, ತಳ್ಳುಗಾಡಿಗಳಲ್ಲಿ ಬೇಯಿಸಿದ ಜೋಳ ಮತ್ತು ಗಿಣ್ಣು ಸುತ್ತಿದ ಗರಿಗರಿಯಾದ ಮಾರ್ಕೆಸೀತಾ ಮಾರಾಟಕ್ಕಿತ್ತು. ನಾವು ನೋಡಲು ಬಂದಿದ್ದ ಊರು ಅದೇ ಎಂದು ಅಂದು ಅನ್ನಿಸಿತು. ಹೋಟೆಲಿನಲ್ಲಿ ಹಣ ತೆತ್ತಾಗಿದ್ದ ಊಟವನ್ನು ಬಿಟ್ಟು ಅಲ್ಲಿ ಜೋಳ ತಿಂದೆವು.

ಹಿಂದಿರುಗಿದ ಮೇಲೆ ಕೆಲವು ವಾರ ಬಿಡುವಾದಾಗಲೆಲ್ಲ ಕ್ಯಾನ್‌ಕೂನಿನ ಕಥೆಯನ್ನು ಓದಿದೆವು. ಅದು ತಾನಾಗಿ ಬೆಳೆದ ಊರಲ್ಲ. ಕಾಗದದ ಮೇಲೆ ಮೊದಲು ಬರೆದು ಆಮೇಲೆ ಕಟ್ಟಿದ ಊರು. 1960ರ ದಶಕದ ಕೊನೆಯಲ್ಲಿ ಮೆಕ್ಸಿಕೋದ ಕೇಂದ್ರ ಬ್ಯಾಂಕಿನ ಅಧಿಕಾರಿಗಳು ವಿದೇಶಿ ವಿನಿಮಯ ಗಳಿಸಿಕೊಡಬಲ್ಲ ಹೊಸ ಕಡಲತೀರಗಳನ್ನು ಹುಡುಕುತ್ತಿದ್ದರು. ಯುಕಟಾನ್ ಪರ್ಯಾಯ ದ್ವೀಪದ ಈ ಮೂಲೆ ಅವರ ಕಣ್ಣಿಗೆ ಬಿತ್ತು. 1970ರ ಆರಂಭದಲ್ಲಿ ಆ ಮರಳಿನ ಪಟ್ಟಿಯ ಮೇಲೆ ವಾಸವಿದ್ದವರು ಮೂವರು, ತೆಂಗಿನ ತೋಟದ ಕಾವಲುಗಾರರು. ಪಕ್ಕದ ಪುಯೆರ್ತೊ ಹುವಾರೆಸ್ ಎಂಬ ಮೀನುಗಾರರ ನೆಲೆಯಲ್ಲಿದ್ದವರು ನೂರಿಪ್ಪತ್ತಕ್ಕೂ ಕಡಿಮೆ. ತೆಂಗಿನ ತೋಟದ ಕಾವಲುಗಾರರು ಎಂಬಲ್ಲಿ ನಾವು ಓದುವುದನ್ನು ನಿಲ್ಲಿಸಿ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು.

1971ರಲ್ಲಿ ಅಂತರ-ಅಮೆರಿಕನ್ ಅಭಿವೃದ್ಧಿ ಬ್ಯಾಂಕಿನ ಸಾಲ ದೊರೆಯಿತು. 1974ರಲ್ಲಿ ಮೊದಲ ಹೋಟೆಲುಗಳು ಬಾಗಿಲು ತೆರೆದವು. ಅದೇ ವರ್ಷ ಅಕ್ಟೋಬರಿನಲ್ಲಿ ಅಲ್ಲಿಯವರೆಗೆ ಕೇಂದ್ರಾಡಳಿತದ ಪ್ರದೇಶವಾಗಿದ್ದ ಕಿಂತಾನಾ ರೋ ರಾಜ್ಯವಾಯಿತು. ನೀಲನಕ್ಷೆಯಲ್ಲಿ ಮೂರು ಭಾಗಗಳಿದ್ದವು: ಅತಿಥಿಗಳಿಗೆ ಹೋಟೆಲ್ ವಲಯ, ಕೆಲಸದವರಿಗೆ ಒಳನಾಡಿನಲ್ಲಿ ಒಂದು ನಗರ, ಹೊರಗೊಂದು ವಿಮಾನ ನಿಲ್ದಾಣ. ನ್ಯಾಯವಾಗಿ ಹೇಳಬೇಕೆಂದರೆ ಕೆಲಸದವರನ್ನು ಯೋಜಕರು ಮರೆತಿರಲಿಲ್ಲ. ಒಳನಗರದ ಬಡಾವಣೆಗಳನ್ನು, ನಡುವೆ ಉದ್ಯಾನ, ಸುತ್ತ ಮನೆ, ಹೊರಗೆ ಅಗಲ ರಸ್ತೆ ಎಂಬಂತೆ ಅಚ್ಚುಕಟ್ಟಾಗಿ ರೂಪಿಸಿದ್ದರು. ನಾವು ಜೋಳ ತಿಂದ ಉದ್ಯಾನವಿರುವುದು ಅಂಥ ಬಡಾವಣೆಯೊಂದರಲ್ಲಿಯೇ.

ಆದರೆ ಜನ ನಕ್ಷೆಗಿಂತ ವೇಗವಾಗಿ ಬಂದರು. ಹೋಟೆಲು ಕಟ್ಟಲು ಗಾರೆಯವರು ಬೇಕಾದರು, ನಡೆಸಲು ಅಡುಗೆಯವರು, ಮಾಣಿಗಳು, ತೋಟಗಾರರು ಬೇಕಾದರು. ಯುಕಟಾನ್, ತಬಾಸ್ಕೋ, ಚಿಯಾಪಸ್, ವೆರಾಕ್ರೂಸ್‌ಗಳ ಹಳ್ಳಿಗಳಿಂದ ಬಂದವರಿಗೆ ಯೋಜಿತ ಬಡಾವಣೆಯ ನಿವೇಶನ ಕೊಳ್ಳುವ ಶಕ್ತಿ ಇರಲಿಲ್ಲ. ಅವರು ಉತ್ತರ ದಿಕ್ಕಿನ ಎಹಿದೊ ಜಮೀನಿನಲ್ಲಿ, ಅಂದರೆ ರೈತ ಸಮುದಾಯಗಳ ಸಾಮೂಹಿಕ ಒಡೆತನದ ನೆಲದಲ್ಲಿ, ಕಾಡು ಕಡಿದು ಗುಡಿಸಲು ಹಾಕಿಕೊಂಡರು. ಹಕ್ಕುಪತ್ರವಿಲ್ಲ, ನೀರಿಲ್ಲ, ಚರಂಡಿಯಿಲ್ಲ. ಮೊದಲು ಮನೆ, ಎಷ್ಟೋ ವರ್ಷಗಳ ಮೇಲೆ ರಸ್ತೆ, ಅದಕ್ಕೂ ಆಮೇಲೆ ಒಳಚರಂಡಿ. ನಗರ ಬೆಳೆದ ಕ್ರಮವೇ ತಲೆಕೆಳಗು. 2020ರ ಜನಗಣತಿಯ ವೇಳೆಗೆ ಕ್ಯಾನ್‌ಕೂನಿನ ಜನಸಂಖ್ಯೆ ಸುಮಾರು 8.9 ಲಕ್ಷ. ಐವತ್ತು ವರ್ಷಗಳಲ್ಲಿ ಒಂದು ತೆಂಗಿನ ತೋಟ ನಮ್ಮ ಮೈಸೂರಿನಂಥ ನಗರವಾಯಿತು.

ಈ ಅಸಮಾನತೆ ಯಾರೋ ಒಬ್ಬರ ದುಷ್ಟತನದಿಂದ ಆದದ್ದಲ್ಲ ಎಂಬುದು ನಮಗೆ ಓದುತ್ತ ಹೋದಂತೆ ಸ್ಪಷ್ಟವಾಯಿತು. ಸಮುದ್ರ ಕಾಣುವ ನೆಲದ ಬೆಲೆ ಏರುತ್ತದೆ. ಅದಕ್ಕೆ ತಾಗಿದ ನೆಲದ್ದೂ ಏರುತ್ತದೆ. ಸಂಬಳ ಮಾತ್ರ ಅದೇ ವೇಗದಲ್ಲಿ ಏರುವುದಿಲ್ಲ. ದುಡಿಯುವವರು ದುಡಿಮೆಯ ಸ್ಥಳದಿಂದ ದೂರ ಸರಿಯುತ್ತಾರೆ. ಆ ದೂರವನ್ನು ಪ್ರತಿದಿನ ತಮ್ಮ ನಿದ್ರೆಯಿಂದ ತುಂಬುತ್ತಾರೆ. ಹೋಟೆಲಿನೊಳಗೇ ಎಲ್ಲವೂ ಸಿಗುವುದರಿಂದ ಅತಿಥಿಯ ಹಣ ಗೇಟು ದಾಟಿ ಮೂಲೆಯಂಗಡಿಯವರೆಗೆ ಬರುವುದು ವಿರಳ. 2023ರಲ್ಲಿ ಅಲ್ಲಿನ ವಿಮಾನ ನಿಲ್ದಾಣವನ್ನು ಬಳಸಿದ ಪ್ರಯಾಣಿಕರು 3 ಕೋಟಿಗೂ ಹೆಚ್ಚು. ಅವರಲ್ಲಿ ಎಷ್ಟು ಮಂದಿ ಆ ಕೊನೆಯ ಬಸ್ ನಿಲ್ದಾಣವನ್ನು ನೋಡಿದ್ದಾರು? ನಾವು ನೋಡಿದ್ದೂ ದಾರಿ ತಪ್ಪಿದ್ದರಿಂದಲೇ.

ಬಿರುಗಾಳಿ ಬಂದಾಗ ಈ ವ್ಯತ್ಯಾಸ ಇನ್ನಷ್ಟು ಎದ್ದು ಕಾಣುತ್ತದೆ. 1988ರಲ್ಲಿ ಗಿಲ್ಬರ್ಟ್, 2005ರ ಅಕ್ಟೋಬರಿನಲ್ಲಿ ವಿಲ್ಮಾ ಎಂಬ ಚಂಡಮಾರುತಗಳು ಆ ತೀರವನ್ನು ಅಪ್ಪಳಿಸಿದವು. ವಿಲ್ಮಾ ಹೋಟೆಲುಗಳ ಮುಂದಿನ ಮರಳನ್ನೇ ಕೊಚ್ಚಿಕೊಂಡು ಹೋಯಿತು. ಅತಿಥಿಗಳಿಗೆ ಮರಳು ಬೇಕಲ್ಲವೇ? ಸಮುದ್ರದ ತಳದಿಂದ ಮರಳೆತ್ತಿ 2006ರಲ್ಲಿ ಒಮ್ಮೆ, ಕೆಲವೇ ವರ್ಷಗಳಲ್ಲಿ ಮತ್ತೊಮ್ಮೆ ತೀರವನ್ನು ತುಂಬಿದರು. ನಾವು ಬರಿಗಾಲಲ್ಲಿ ನಡೆದ ಬಿಳಿಯ ಮರಳು ಹಾಗೆ ತಂದು ಸುರಿದದ್ದಿರಬಹುದು. 2020ರ ಏಪ್ರಿಲಿನಲ್ಲಿ ಕೋವಿಡ್‌ನಿಂದ ಹೋಟೆಲುಗಳು ಮುಚ್ಚಿದಾಗ ಉದ್ಯೋಗ ನಷ್ಟದ ಪೆಟ್ಟನ್ನು ಅತಿ ಹೆಚ್ಚಾಗಿ ತಿಂದ ಮೆಕ್ಸಿಕೋದ ರಾಜ್ಯಗಳಲ್ಲಿ ಕಿಂತಾನಾ ರೋ ಒಂದು. ಒಂದೇ ಬೆಳೆ ಬೆಳೆಯುವ ರೈತನ ಪಾಡು ಅಡಿಕೆ ಬೆಳೆಯುವ ನಮ್ಮ ನಾಡಿನವರಿಗೆ ಹೊಸದಲ್ಲ. ಪ್ರವಾಸವೂ ಅಂಥದೊಂದು ಬೆಳೆ.

ನಾಣ್ಯದ ಇನ್ನೊಂದು ಮುಖವನ್ನೂ ಹೇಳದಿದ್ದರೆ ತಪ್ಪಾದೀತು. ಕೋಣೆ ಶುಚಿ ಮಾಡುತ್ತಿದ್ದ ಆಕೆಯನ್ನು ಮಗಳು ಕೊನೆಯ ದಿನ ಕೇಳಿದಳು: ‘ಊರಿಗೆ ಮರಳಿ ಹೋಗಬೇಕೆನಿಸುವುದಿಲ್ಲವೇ?’ ಆಕೆ ಅನುಮಾನಿಸದೆ ಇಲ್ಲವೆಂದರು. ಊರಿನಲ್ಲಿ ಕೆಲಸವಿಲ್ಲ. ಇಲ್ಲಿ ಹಿರಿಯ ಮಗ ಓದುತ್ತಿದ್ದಾನೆ. ಎರಡು ಕೋಣೆಯ ಮನೆ ತಮ್ಮದೇ ಆಗಿದೆ. ಕ್ಯಾನ್‌ಕೂನ್ ಇಲ್ಲದಿದ್ದರೆ ತನಗೇನಿತ್ತು ಎಂಬುದು ಆಕೆಯ ಮಾತಿನ ಭಾವ. ಹೊಟ್ಟೆಪಾಡಿಗಾಗಿ ಹುಟ್ಟೂರು ಬಿಟ್ಟು, ಬೇರೆ ಭಾಷೆಯ ಊರಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಆ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೋಟೆಲುಗಳು ಬರಬಾರದಿತ್ತು ಎಂದು ಆಕೆಯ ಮುಂದೆ ನಿಂತು ಹೇಳುವ ಅಧಿಕಾರ ನಮಗಿಲ್ಲ. ಕೇಳಬಹುದಾದದ್ದು ಆಯಿ ಕೇಳಿದ ಪ್ರಶ್ನೆ ಮಾತ್ರ, ಮತ್ತು ಅದನ್ನು ಕೇಳಬೇಕಾದದ್ದು ಮೊದಲ ಕಲ್ಲು ಇಡುವ ಮೊದಲು.

ಗೋಕರ್ಣವನ್ನು ಕ್ಯಾನ್‌ಕೂನಿಗೆ ಹೋಲಿಸುವುದು ಅತಿಶಯೋಕ್ತಿಯೆಂದು ನಮಗೆ ಗೊತ್ತು. ಅದು ಹಳೆಯ ಕ್ಷೇತ್ರ; ಮಹಾಬಲೇಶ್ವರನ ಸನ್ನಿಧಿಗೆ ಯಾತ್ರಿಕರು ಶತಮಾನಗಳಿಂದ ಬರುತ್ತಿದ್ದಾರೆ. ಆದರೂ ನಮ್ಮ ಕಣ್ಣೆದುರಿಗೇ ಅದು ಬದಲಾದದ್ದು ನಿಜ. ನಾವು ಚಿಕ್ಕವರಿದ್ದಾಗ ಕುಡ್ಲೆ ಮತ್ತು ಓಂ ಬೀಚಿನ ಗುಡಿಸಲುಗಳಲ್ಲಿ ಬೆನ್ನುಚೀಲದ ವಿದೇಶಿಯರು ಇರುತ್ತಿದ್ದರು. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣಗೊಂಡಿತು. ಆಮೇಲೆ ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಹೊರಟು ಬರುವವರ ಸಂಖ್ಯೆ ಹೆಚ್ಚುತ್ತ ಹೋಯಿತು. 2020ರಲ್ಲಿ ರಾಜ್ಯದ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿ ತೆರೆಯಿತು. ದಲ್ಲಾಳಿಯ ಕರೆ ಈ ದಾರಿಯಿಂದಲೇ ನಮ್ಮ ಮನೆಯವರೆಗೆ ಬಂದದ್ದು.

ಆ ತೋಟದ ಮೂಲೆಯಲ್ಲಿ ಒಂದು ಮನೆಯಿದೆ. ತೋಟ ನೋಡಿಕೊಳ್ಳುವ ಕುಟುಂಬ ಅದರಲ್ಲಿ ಎರಡು ತಲೆಮಾರಿನಿಂದ ವಾಸವಾಗಿದೆ. ಮನೆ ಅವರೇ ಕಟ್ಟಿಕೊಂಡದ್ದು, ಬಾವಿ ಅವರೇ ತೋಡಿದ್ದು, ಮುಂದಿನ ಹಿತ್ತಲಿನಲ್ಲಿ ಬೆಳೆದ ಹರಿವೆ, ಬದನೆ, ಮೊಗೆಕಾಯಿಗಳನ್ನು ಗೋಕರ್ಣದ ಪೇಟೆಗೆ ಒಯ್ದು ಮಾರುವುದೂ ಅವರೇ. ಆದರೆ ನೆಲದ ಕಾಗದದಲ್ಲಿ ಅವರ ಹೆಸರಿಲ್ಲ. ದಲ್ಲಾಳಿ ಕಳುಹಿಸಿದ್ದ ನಕ್ಷೆಯನ್ನು ಮೇಜಿನ ಮೇಲೆ ಹರಡಿ ನೋಡಿದಾಗ, ಆ ಮನೆಯಿರುವಲ್ಲಿ ‘ಪ್ರವೇಶದ್ವಾರ ಮತ್ತು ವಾಹನ ನಿಲುಗಡೆ’ ಎಂದು ಬರೆದಿತ್ತು. ಆಯಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಆ ಚೌಕವನ್ನು ನೋಡಿದರು. ಆಮೇಲೆ ಕ್ಯಾನ್‌ಕೂನಿನಲ್ಲಿ ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳಿದರು: ‘ಇವರು ಮಲಗೂದು ಎಲ್ಲಿ?’

ಆ ರಾತ್ರಿ ಚಿಕ್ಕಪ್ಪನವರೊಡನೆ ನಡೆದ ಮಾತು ಸುಲಭದ್ದಾಗಿರಲಿಲ್ಲ. ಜಾಗ ಮಾರುವುದು ಬೇಡವೆಂದು ನಾವು ಹೇಳಿದ ಕೂಡಲೇ ಅವರು ಶಾಂತವಾಗಿಯೇ ಉತ್ತರಿಸಿದರು: ‘ನೀವು ಹೇಳೂದು ಸರಿ. ಆದರೆ ತೆಂಗಿನಕಾಯಿ ಮಾರಿ ಮಗನ ಓದಿನ ಸಾಲ ತೀರಸೂಲೆ ಆಗ್ತದ್ಯ? ನಿಮಗೆ ಅಲ್ಲಿ ಸಂಬಳ ಬತ್ತದೆ.’ ನಾವು ಮೌನವಾದೆವು. ವರ್ಷಕ್ಕೊಮ್ಮೆ ಬಂದು ಎಳನೀರು ಕುಡಿದು ಫೋಟೋ ತೆಗೆದುಕೊಳ್ಳುವವರು, ಅಲ್ಲಿಯೇ ಮಳೆ ಬಿಸಿಲು ತಿನ್ನುವವರಿಗೆ ಊರು ಇದ್ದಂತೆಯೇ ಇರಲೆಂದು ಹೇಳುವುದು ಎಷ್ಟು ಅಗ್ಗ ಎಂಬುದು ಅರಿವಾಯಿತು. ನಮ್ಮ ನೆನಪುಗಳನ್ನು ಕಾಪಾಡುವ ಹೊಣೆಯನ್ನು ಅವರ ಬಡತನದ ಮೇಲೆ ಹೊರಿಸಲು ನಮಗೆ ಯಾವ ಹಕ್ಕೂ ಇಲ್ಲ.

ಕೊನೆಗೆ ತೀರ್ಮಾನ ಹೇಳಿದವರು ಆಯಿ. ಮಾರುವುದೋ ಬಿಡುವುದೋ ಎಂಬುದು ಊರಿನಲ್ಲಿರುವ ಮೈದುನನಿಗೆ ಬಿಟ್ಟದ್ದು. ತಾವು ಸಹಿ ಹಾಕಲು ಸಿದ್ಧ. ಆದರೆ ಅದಕ್ಕೆ ಮೊದಲು ಆ ಮನೆ, ಬಾವಿ, ಹಿತ್ತಲು ಸೇರಿ ಎಂಟು ಗುಂಟೆ ನೆಲ ಅಲ್ಲಿರುವವರ ಹೆಸರಿಗೆ ನೋಂದಣಿಯಾಗಬೇಕು. ಸಮುದ್ರಕ್ಕೆ ಹೋಗುವ ಕಾಲುದಾರಿ ಯಾರು ಕೊಂಡರೂ ಮುಚ್ಚಬಾರದು, ಅದನ್ನು ಕ್ರಯಪತ್ರದಲ್ಲಿಯೇ ಬರೆಸಬೇಕು. ರಸ್ತೆಗೆ ತಾಗಿದ ಮೂಲೆ ಹೋದರೆ ಉಳಿದ ಜಾಗದ ಬೆಲೆ ಬಹಳ ಇಳಿಯುತ್ತದೆಂದು ದಲ್ಲಾಳಿ ಹೇಳಿದ್ದು ನಿಜವೇ. ಆ ನಷ್ಟವನ್ನು ತಮ್ಮ ಪಾಲಿನಲ್ಲಿ ಕಳೆಯಿರಿ ಎಂದರು ಆಯಿ. ವಿಮಾನದಲ್ಲಿ ನಾವು ಹಾಕಿದ್ದ ಲೆಕ್ಕದಲ್ಲಿ ಮಗಳ ಕಾಲೇಜಿನ ಎರಡು ವರ್ಷ ಅಲ್ಲಿಗೆ ಕರಗಿತು. ಮಗಳಿಗೆ ಅದನ್ನು ವಿವರಿಸಿ ಹೇಳಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಿಗಷ್ಟೇ ಅರ್ಜಿ ಹಾಕುತ್ತೇನೆ ಎಂದಳು.

ಫೆಬ್ರುವರಿಯಲ್ಲಿ ಆಯಿ ಊರಿಗೆ ಮರಳಿದರು. ಸರ್ವೆ, ನಕ್ಷೆ ಎಂದು ಕಚೇರಿಗಳಿಗೆ ಎಷ್ಟೋ ಸಲ ಅಲೆದು, ಯುಗಾದಿ ಕಳೆದ ಮೇಲೆ ಕುಮಟಾದಲ್ಲಿ ದಾನಪತ್ರದ ನೋಂದಣಿ ಮುಗಿಯಿತು. ಅಲೆದಾಟದ ಬಹುಪಾಲನ್ನು ಚಿಕ್ಕಪ್ಪನವರೇ ಹೊತ್ತರು ಎಂಬುದನ್ನು ಇಲ್ಲಿ ಹೇಳಲೇಬೇಕು. ಉಳಿದ ಜಾಗದ ಮಾತುಕತೆ ಇನ್ನೂ ನಡೆದಿದೆ. ಕೊಳ್ಳುವವರು ಬದಲಾದಾರು, ಬೆಲೆ ಇಳಿದೀತು, ಅಲ್ಲಿ ರೆಸಾರ್ಟ್ ಬಂದರೂ ಬಂದೀತು. ಬಂದರೆ ಆ ಮನೆಯ ಮಗಳಿಗೋ ಮಗನಿಗೋ ಅಲ್ಲಿ ಕೆಲಸ ಸಿಗಬಹುದು. ಕೆಲಸ ಮುಗಿಸಿ ಹತ್ತು ಹೆಜ್ಜೆ ನಡೆದು ತಮ್ಮ ಮನೆಯಲ್ಲಿ ಮಲಗಬಹುದು. ಆ ಮನೆಯಾಕೆ ಫೋನಿನಲ್ಲಿ ಆಯಿಯ ಪಕ್ಕದಲ್ಲಿ ನಿಂತು ನಮ್ಮೊಡನೆ ಮಾತನಾಡಿದರು. ಕೃತಜ್ಞತೆಯ ಮಾತೇನೂ ಆಡಲಿಲ್ಲ, ಆಡಬೇಕಾಗಿಯೂ ಇರಲಿಲ್ಲ. ಈ ಬೇಸಿಗೆಯಲ್ಲಿ ಬಾವಿಯ ನೀರು ಸ್ವಲ್ಪ ಉಪ್ಪಾಗಿದೆ, ಮೊಗೆಕಾಯಿ ಚೆನ್ನಾಗಿ ಬಂದಿದೆ ಎಂದಷ್ಟೇ ಹೇಳಿದರು.

ಕೂಟದ ಬಂಧುಗಳಲ್ಲಿ ಹಲವರು ಈ ಚಳಿಗಾಲದಲ್ಲಿಯೂ ಕ್ಯಾನ್‌ಕೂನಿಗೆ ಹೊರಡುವವರಿದ್ದೀರಿ. ಹೋಗಬೇಡಿ ಎಂದು ಹೇಳಲು ಇದನ್ನು ಬರೆಯಲಿಲ್ಲ. ಆ ಊರಿನ ಅನ್ನ ಹುಟ್ಟುವುದು ನಮ್ಮಂಥವರು ಹೋಗುವುದರಿಂದಲೇ. ಹೋದಾಗ ಒಂದು ಸಂಜೆಯಾದರೂ ಕೈಯ ಪಟ್ಟಿಯನ್ನು ಮರೆತು ಊರೊಳಗೆ ಊಟ ಮಾಡಿ. ಹಾಸಿಗೆ ಸರಿಪಡಿಸುವವರು ದಿನಕ್ಕೊಬ್ಬರು ಬದಲಾಗಬಹುದು. ಆದ್ದರಿಂದ ಕೊಡುವುದನ್ನು ಕೊನೆಯ ದಿನಕ್ಕೆ ಉಳಿಸದೆ ಆಯಾ ದಿನವೇ ಮೇಜಿನ ಮೇಲಿಡಿ. ಮೆಕ್ಸಿಕೋದ ಕಾನೂನಿನಲ್ಲಿ ಕಡಲತೀರ ಸಾರ್ವಜನಿಕರ ಸ್ವತ್ತು. ಅದಕ್ಕೆ ಹೋಗುವ ದಾರಿಯನ್ನು ತಡೆದವರಿಗೆ ದಂಡ ವಿಧಿಸುವಂತೆ 2020ರಲ್ಲಿ ತಿದ್ದುಪಡಿಯೂ ಆಗಿದೆ. ಭಾನುವಾರ ದೆಲ್ಫೀನೆಸ್ ಎಂಬ ಸಾರ್ವಜನಿಕ ತೀರಕ್ಕೆ ಹೋದರೆ, ಊರಿನವರು ಬುತ್ತಿ ಕಟ್ಟಿಕೊಂಡು ಮಕ್ಕಳೊಡನೆ ಬಂದಿರುತ್ತಾರೆ. ನಾವು ಕೊನೆಯ ದಿನ ಅಲ್ಲಿಗೆ ಹೋಗಿದ್ದೆವು. ಆಯಿ ಸೀರೆಯನ್ನು ಸ್ವಲ್ಪ ಮೇಲೆತ್ತಿ ನೀರಿನಲ್ಲಿ ನಿಂತಿದ್ದರು. ಅವರ ಪಕ್ಕದಲ್ಲಿ ಅವರಷ್ಟೇ ವಯಸ್ಸಿನ ಇನ್ನೊಬ್ಬ ಅಜ್ಜಿ ಲಂಗವನ್ನು ಮೇಲೆತ್ತಿ ನಿಂತಿದ್ದರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಅಲೆ ಬಂದಾಗ ಇಬ್ಬರೂ ಒಟ್ಟಿಗೆ ಹಿಂದೆ ಸರಿಯುತ್ತಿದ್ದರು.